ತಲೆ ಲೆಕ್ಕದ ಸಂಸಾರ

ಮನೆಮಂದಿಯ ಬಿಡಿಬಿಡಿ ಫೋಟೋಗಳನ್ನು ಕೊಟ್ಟರೆ ಎಲ್ಲರನ್ನೂ ಒಂದೇ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಕೂಡಿಸಿಕೊಡುವ ಕಲಾವಿದರಿದ್ದಾರೆ. ಪಾಲಾಗಿ ಊರೂರಿಗೆ ಚದುರಿದ ಮನೆತನವನ್ನು ವಕೀಲರ ಫೀಸಿಲ್ಲದೆ ಒಟ್ಟುಗೂಡಿಸಲು ಸದ್ಯಕ್ಕಿರುವ ದಾರಿ ಇದೊಂದೇ. ದರ ಮಾತ್ರ ತಲೆ ಲೆಕ್ಕದಲ್ಲಿ. ಯಾರು ನಮ್ಮವರು, ಯಾರು ಬರೀ ನೆಂಟರು ಎಂಬ ಪ್ರಶ್ನೆಯನ್ನು ಹಿರಿಯರು ತಲೆತಲಾಂತರದಿಂದ ಜಾರಿಸಿಕೊಂಡು ಬಂದಿದ್ದಾರೆ. ತಲೆಗಿಷ್ಟು ಎಂದೊಡನೆ ಅದು ಅರ್ಧ ಗಂಟೆಯಲ್ಲಿ ಇತ್ಯರ್ಥವಾಗುತ್ತದೆ.

ನಮ್ಮಲ್ಲಿ ಈ ಹುಚ್ಚು ಹತ್ತಿದ್ದು ದೊಡ್ಡಪ್ಪನಿಗೆ. ಚಿತ್ರಕಲಾ ಪರಿಷತ್ತಿನವರು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಹೋಗಿದ್ದರು. ಎದುರಿಗೆ ಕೂತವರ ಮುಖವನ್ನು ನೋಡನೋಡುತ್ತಲೇ ಬರೆದುಕೊಡುವವರನ್ನು ಕಂಡು ಮರುಳಾಗಿ ಬಂದರು. ಅಜ್ಜಿಯನ್ನೇನೋ ಎದುರಿಗೆ ಕೂರಿಸಬಹುದು. 1962ರಲ್ಲೇ ತೀರಿಕೊಂಡ ಅಜ್ಜನನ್ನು ಕೂರಿಸುವುದು ಹೇಗೆ? ಫೋಟೋ ನೋಡಿ ಬರೆಯುವ ಕಲಾವಿದರೊಬ್ಬರು ಒಪ್ಪಿಕೊಂಡರು.

ಮನೆಯ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳು ಬಂದು ಬಿದ್ದವು. ಅಪ್ಪ ಕಳಿಸಿದ್ದು ಬ್ಯಾಂಕಿಗೆಂದು ತೆಗೆಸಿದ ಪಾಸ್‌ಪೋರ್ಟ್ ಸೈಜಿನದು. ಅಣ್ಣ ಕಳಿಸಿದ್ದು ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿದ್ದು. ಅವನ ಹೆಗಲ ಮೇಲೆ ಇನ್ಯಾರದೋ ಕೈ ಹಾಗೇ ಉಳಿದಿತ್ತು. ಚಿಕ್ಕಮ್ಮನದು ಸೆಲ್ಫಿ. ಅವರ ಫೋನು ಸೆಲ್ಫಿಯನ್ನು ಕನ್ನಡಿಯಲ್ಲಿ ಕಂಡಂತೆಯೇ ಉಳಿಸಿಕೊಳ್ಳುವ ಜಾತಿಯದು. ಹೀಗಾಗಿ ಸೆರಗು ಬಲ ಹೆಗಲಿಗೆ ಬಂದಿತ್ತು, ಮೂಗುತಿಯೂ ಮೂಗಿನ ಆಚೆ ಬದಿಗೆ ಹಾರಿತ್ತು. ತೀರಾ ಹತ್ತಿರದಿಂದ ತೆಗೆದದ್ದಕ್ಕೆ ಮೂಗು ಮುಖಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ಎಲ್ಲವನ್ನೂ ನೋಡಿದ ಕಲಾವಿದರು ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ನಿಮ್ಮ ಮನೇಲಿ ಎಷ್ಟು ಸೂರ್ಯ ಇದಾವೆ?"

ಅವರ ಸಂಕಟ ನಿಜವಾದದ್ದೇ. ಪೆನ್ಸಿಲ್ ಚಿತ್ರದಲ್ಲಿ ಮುಖ ಮೂಡುವುದು ನೆರಳಿನಿಂದ. ಅಪ್ಪನ ಮೇಲೆ ಬೆಳಕು ಎಡದಿಂದ, ಅಣ್ಣನ ಮೇಲೆ ಬಲದಿಂದ, ಚಿಕ್ಕಮ್ಮನ ಮೇಲೆ ನೆತ್ತಿಯ ಟ್ಯೂಬ್‌ಲೈಟಿನಿಂದ. ಇವರನ್ನು ಹಾಗೇ ಸಾಲಾಗಿ ನಿಲ್ಲಿಸಿದರೆ ಒಂದು ಮನೆಯವರಂತೆ ಕಾಣುವುದಿಲ್ಲ, ಬೇರೆ ಬೇರೆ ಬಸ್ಸಿನಿಂದ ಈಗಷ್ಟೇ ಇಳಿದವರಂತೆ ಕಾಣುತ್ತಾರೆ. ಆದ್ದರಿಂದ ಕಲಾವಿದರು ಮೊದಲು ಒಂದು ದಿಕ್ಕಿಗೆ ಒಬ್ಬನೇ ಸೂರ್ಯನನ್ನು ನಿಗದಿ ಮಾಡಿ, ಎಲ್ಲರ ನೆರಳನ್ನೂ ಮತ್ತೆ ಹಾಕಬೇಕು. ಫೋಟೋದ ಮೇಲೂ ಹಾಳೆಯ ಮೇಲೂ ಚೌಕ ಗೆರೆ ಎಳೆದು, ತಲೆಗಳ ಅಳತೆ ಸರಿದೂಗಿಸಬೇಕು. ಇಲ್ಲದಿದ್ದರೆ ಮೊಮ್ಮಗನ ತಲೆ ಮುತ್ತಜ್ಜನದಕ್ಕಿಂತ ದೊಡ್ಡದಾಗುತ್ತದೆ. ಸ್ವಭಾವದಲ್ಲಿ ಅದು ನಿಜವೇ ಇರಬಹುದು, ಚಿತ್ರದಲ್ಲಿ ಒಪ್ಪುವುದಿಲ್ಲ.

ಅಜ್ಜನದೇ ದೊಡ್ಡ ತೊಡಕು. ಇರುವುದು ಒಂದೇ ಫೋಟೋ, ಪ್ರಾಯ ಮೂವತ್ತು. ಆಗಿನ ಸ್ಟುಡಿಯೋದವರು ನೆಗೆಟಿವ್ ಮೇಲೆ ಸಣ್ಣ ಪೆನ್ಸಿಲ್ ಆಡಿಸಿ ಕಲೆ, ಸುಕ್ಕು ಮರೆಸುತ್ತಿದ್ದರು. ಅಜ್ಜ ಅಷ್ಟರಮಟ್ಟಿಗೆ ಆಗಲೇ ಪೆನ್ಸಿಲ್ ಚಿತ್ರವಾಗಿದ್ದರು. ಅವರ ಪಕ್ಕದಲ್ಲಿ ಎಂಬತ್ತಾರರ ಅಜ್ಜಿ, ಹಿಂದೆ ಅರವತ್ತೆಂಟರ ಮಗ ದೊಡ್ಡಪ್ಪ ಕೈಕಟ್ಟಿ ನಿಂತರೆ ನೋಡಿದವರು ಸಂಬಂಧ ಹೇಗೆ ಹಚ್ಚಬೇಕು? ಕಲಾವಿದರು ಒಂದು ಉಪಾಯ ಹೇಳಿದರು: "ಮಗನ ಮುಖ ನೋಡ್ಕೊಂಡು ತಂದೆಗೆ ವಯಸ್ಸು ಕೊಡಬಹುದು." ಅಜ್ಜಿ ದೊಡ್ಡಪ್ಪನ ನುಣ್ಣನೆ ನೆತ್ತಿಯನ್ನೊಮ್ಮೆ ನೋಡಿ, "ಅವರ ಕ್ರಾಪಿನ ತಂಟೆಗೆ ಬರಬೇಡಿ" ಎಂದು ತೀರ್ಪು ಕೊಟ್ಟರು. ಅಜ್ಜ ಮೂವತ್ತರಲ್ಲೇ ಉಳಿದರು.

ಉಳಿದವರ ಬೇಡಿಕೆಗಳು ಒಂದೊಂದಾಗಿ ಶುರುವಾದವು. ಅತ್ತಿಗೆಗೆ ತಾನುಟ್ಟದ್ದು ಮೈಸೂರು ಸಿಲ್ಕ್ ಎಂದು ಕಪ್ಪುಬಿಳುಪಿನಲ್ಲೂ ಗೊತ್ತಾಗಬೇಕು. ಚಿಕ್ಕಪ್ಪನಿಗೆ ಸ್ವಲ್ಪ ಬೆಳ್ಳಗೆ ಬರಬೇಕು. ಪೆನ್ಸಿಲಿನಲ್ಲಿ ಬೆಳ್ಳಗೆ ಬರೆಯುವುದೆಂದರೆ ಪೆನ್ಸಿಲನ್ನು ಕಡಿಮೆ ಮುಟ್ಟಿಸುವುದು. ಹಾಗಿದ್ದ ಮೇಲೆ ರೇಟಿನಲ್ಲೂ ಕಡಿಮೆಯಾಗಲಿ ಎಂದು ಅವರದೇ ತರ್ಕ. ಅಜ್ಜಿಯ ಬಿಳಿಗೂದಲಿಗೆ ಪೆನ್ಸಿಲಿಗಿಂತ ರಬ್ಬರಿನ ಕೆಲಸವೇ ಹೆಚ್ಚು: ತೆಳುವಾಗಿ ನೆರಳು ಹಾಕಿ, ಮೆತ್ತನೆಯ ರಬ್ಬರಿನಿಂದ ಎಳೆಎಳೆಯಾಗಿ ಬೆಳಕು ಎತ್ತಬೇಕು. ಡೈ ಹಚ್ಚುವ ಚಿಕ್ಕಪ್ಪನಿಗಾದರೆ 8ಬಿ ಪೆನ್ಸಿಲೇ ಬೇಕು. ಅದನ್ನು ಒತ್ತಿ ತೀಡಿದಷ್ಟೂ ಗ್ರಾಫೈಟ್ ಮಿರುಗುತ್ತದೆ. ಡೈ ಹಚ್ಚಿದ ತಲೆಯೂ ಬಿಸಿಲಿನಲ್ಲಿ ಹಾಗೇ ಮಿರುಗುವುದರಿಂದ ಹೋಲಿಕೆಗೆ ಅದು ಅನುಕೂಲವೇ ಆಯಿತು.

ಟೆಕ್ಸಾಸಿನಲ್ಲಿರುವ ತಮ್ಮ, ತನ್ನ ನಾಯಿಯಿಲ್ಲದೆ ತಾನೂ ಇಲ್ಲ ಎಂದ. ನಾಯಿಗೂ ಪೂರ್ತಿ ತಲೆಯ ದರ ಎಂದು ತಿಳಿದಾಗ ದೊಡ್ಡಪ್ಪ ಸಿಡಿದರು. ಕಲಾವಿದರು ತಣ್ಣಗೆ, "ಅದಕ್ಕೆ ಮುಖದ ತುಂಬಾ ಕೂದಲು ಸಾರ್. ನಿಮ್ಮ ತಲೇಲಿ ಉಳಿಸಿದ ಟೈಮು ಅಲ್ಲಿ ಹೋಗುತ್ತೆ" ಎಂದರು. ದೊಡ್ಡಪ್ಪ ಮರುಮಾತಿಲ್ಲದೆ ಮುಂಗಡ ಕೊಟ್ಟರು.

ಗಾಜು ಹಾಕಿಸಿದ ಚಿತ್ರ ಈಗ ಹಾಲಿನ ಗೋಡೆಯ ಮೇಲಿದೆ. ಎಲ್ಲರೂ ಒಂದೇ ಕಡೆ ನೋಡುತ್ತಿದ್ದಾರೆ, ಯಾರೂ ಯಾರ ಮಾತಿಗೂ ಅಡ್ಡ ಬರುತ್ತಿಲ್ಲ. ಇಷ್ಟರಿಂದಲೇ ಇದು ಫೋಟೋ ಅಲ್ಲ, ಕಲೆ ಎಂದು ಬಲ್ಲವರಿಗೆ ತಿಳಿಯುತ್ತದೆ.

ನೀವೂ ಬರೆಸುವುದಾದರೆ ಕೆಲವು ಮಾತು ಕೇಳಿ. ಕಿಟಕಿಯ ಪಕ್ಕ ನಿಂತು, ಫ್ಲ್ಯಾಶ್ ಇಲ್ಲದೆ, ಇನ್ನೊಬ್ಬರ ಕೈಯಲ್ಲಿ ನಾಲ್ಕು ಹೆಜ್ಜೆ ದೂರದಿಂದ ಫೋಟೋ ತೆಗೆಸಿ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಮಾಡಿ ಕಳಿಸಿ. ಸುಮ್ಮನೆ ಕಳಿಸಿದರೆ ಅದು ಫೋಟೋವನ್ನು ಕುಗ್ಗಿಸಿಬಿಡುತ್ತದೆ, ಕಣ್ಣಿನ ರೆಪ್ಪೆಗಳು ದಾರಿಯಲ್ಲೇ ಉದುರುತ್ತವೆ. ತಲೆ ಹೆಚ್ಚಿದ್ದರೆ ಎ3 ಹಾಳೆಗೆ ಜೋತುಬೀಳದೆ ಎ2 ತೆಗೆದುಕೊಳ್ಳಿ. ಕೊನೆಯದಾಗಿ, ಚಿತ್ರ ಗೋಡೆಗೇರಿದ ಮೇಲೆ ನಮ್ಮ ತಮ್ಮನಿಗೆ ಮದುವೆ ಗೊತ್ತಾಗಿದೆ. ಆದ್ದರಿಂದ ಒಂದು ಬದಿಯಲ್ಲಿ ಒಂದು ತಲೆಯಷ್ಟು ಜಾಗ ಖಾಲಿ ಬಿಡಿಸಿಕೊಳ್ಳಿ. ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ.