ಒಂದು ಕಣ್ಣು ಮುಚ್ಚಿ

ಹೊಸದಾಗಿ ಕಲ್ಲು ಹಾಸಿದ ಅಂಗಳ ಕಂಡರೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡದೆ ಮುಂದೆ ಹೋಗಲಾರದ ಜನರಿದ್ದಾರೆ. ನಾನೂ ಅದೇ ಪಂಥದವನು. ಕರಣೆ ಹಿಡಿಯಲು ಬಾರದಿದ್ದರೂ ಈ ಭಂಗಿ ನಮಗೆ ಸಿದ್ಧಿಸಿದೆ. ಅದಕ್ಕೊಂದು ವಿಧಿಯುಂಟು. ಮೊದಲು ಪಂಚೆ ಎತ್ತಿಕಟ್ಟಬೇಕು. ಮಂಡಿ ಮಡಿಸುವಾಗ ಹೊರಡುವ ನರಳಿಕೆಯನ್ನು ಗಂಭೀರವಾದ 'ಹೂಂ' ಆಗಿ ತಿರುಗಿಸಬೇಕು. ಕೆನ್ನೆ ಕಲ್ಲಿಗೆ ತಾಗುವಷ್ಟು ಬಾಗಿ, ಹಿಂದೆ ನಿಂತ ಮೇಸ್ತ್ರಿಯ ಮೌನ ಬೆನ್ನಿಗೆ ತಟ್ಟುವ ತನಕ ಏಳಬಾರದು. ಎದ್ದ ಮೇಲೆ ದೂರದ ಮೂಲೆಯತ್ತ ಗಲ್ಲ ತೋರಿಸಿ 'ಅಲ್ಲಿ ಸ್ವಲ್ಪ...' ಎಂದು ಮಾತು ನುಂಗಿದರೆ ಸಾಕು. ಅಲ್ಲಿ ಸ್ವಲ್ಪ ಏನು ಎಂಬುದು ನಮಗೂ ಗೊತ್ತಿರುವುದಿಲ್ಲ. ಯಾವ ಅಂಗಳದಲ್ಲೂ ಯಾವುದೋ ಮೂಲೆಯಲ್ಲಿ ಸ್ವಲ್ಪ ಇದ್ದೇ ಇರುತ್ತದೆಂಬ ಧೈರ್ಯವಷ್ಟೆ. 'ಹೌದು ಸಾರ್, ಅದೊಂದು ನೋಡ್ತೀನಿ' ಎನ್ನುತ್ತಾನೆ ಮೇಸ್ತ್ರಿ. ನಮ್ಮಂಥವರನ್ನು ಅವನು ಬೇಕಾದಷ್ಟು ನೋಡಿದ್ದಾನೆ.

ಈ ಪರೀಕ್ಷೆ ಬರೀ ದಂಡವಲ್ಲ, ತಲೆಕೆಳಗು ಎಂಬುದೇ ನನ್ನ ವಾದ. ಕಣ್ಣು ಮೆಚ್ಚುವುದು ಸಮತಟ್ಟನ್ನು. ಬಯಲಿನ ಹಾಸುಗಲ್ಲಿಗೆ ಅದೇ ದೋಷ: ರಸಮಟ್ಟದ ಗುಳ್ಳೆ ನಟ್ಟನಡುವೆ ನಿಂತರೆ ಮಳೆನೀರೂ ನಟ್ಟನಡುವೆ ನಿಲ್ಲುತ್ತದೆ. ಗೋಡೆಯಿಂದಾಚೆಗೆ 10 ಅಡಿಗೆ ಒಂದೂವರೆ ಇಂಚಾದರೂ ವಾಟ ಬೇಕು. ಕುರ್ಚಿ ಜಾರೀತೆಂಬ ಭಯ ಬೇಡ, ಕೂತವರಿಗೆ ಅದು ತಿಳಿಯುವುದೂ ಇಲ್ಲ. ಒಕ್ಕಣ್ಣಿಗೂ ಕಾಣದ ಅದನ್ನು ಒಂದು ಕೊಡ ನೀರು ಕಂಡುಹಿಡಿಯುತ್ತದೆ. ಕಿವಿಯೂ ಕಣ್ಣಿಗಿಂತ ಮೇಲು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಗಾರೆಯಿಟ್ಟು ಕೂರಿಸಿದ ಚಪ್ಪಡಿಯನ್ನು, ಗಾರೆ ಗಟ್ಟಿಯಾದ ಮೇಲೆ ನಾಣ್ಯದಿಂದ ತಟ್ಟಿದರೆ ಟೊಳ್ಳೆಂದು ತಾನೇ ಹೇಳುತ್ತದೆ. ಹಾಗಾದರೆ ಅಂದಕ್ಕೆ ಬೆಲೆಯಿಲ್ಲವೇ ಎಂದರೆ, ಇದೆ. ಆದರೆ ಯಾವ ಕಲ್ಲಿಗೆ ಯಾವ ಅಂದ? ಶಹಾಬಾದ್ ಕಲ್ಲು ಸುಣ್ಣಕಲ್ಲು, ಪದರುಪದರಾಗಿ ಏಳುವಂಥದ್ದು. ಎರಡು ಚಪ್ಪಡಿಯ ದಪ್ಪ ಒಂದೇ ಇರಬೇಕೆಂದೇನೂ ಇಲ್ಲ. ಆ ಏರುಪೇರನ್ನು ಕೆಳಗಿನ ಗಾರೆಯಲ್ಲಿ ಅಡಗಿಸುವುದೇ ಕೈಚಳಕ, ಅದು ಹೊರಗೆ ಕಾಣುವುದೇ ಇಲ್ಲ. ಗೃಹಪ್ರವೇಶದ ಊಟ ಮುಗಿಸಿ, ಎಲೆಯಡಿಕೆ ಜಗಿಯುತ್ತ 'ಸಂದು ಕೂದಲೆಳೆ ದಪ್ಪ' ಎಂದು ರಾಗ ಎಳೆಯುವ ಭಾವಮೈದುನರಿಗೆ ಇದನ್ನು ಹೇಳುವವರಾರು? ಸಿಮೆಂಟಿನ ಕಲೆ ಹೋಗಲೆಂದು ಅದೇ ಕಲ್ಲಿಗೆ ಆಸಿಡ್ ಸುರಿಯಲು ಸಲಹೆ ಕೊಡುವವರೂ ಇವರೇ. ಸುಣ್ಣಕಲ್ಲು ನೊರೆಯುಕ್ಕಿ ಮೈ ಕಳೆದುಕೊಳ್ಳುತ್ತದೆ, ಬೈಗುಳ ಮಾತ್ರ ಮೇಸ್ತ್ರಿಗೆ.

ನಮ್ಮ ಪಂಥ ಎಂದೂ ನೋಡದ ಇನ್ನೊಂದಿದೆ. ಸಾದರಹಳ್ಳಿಯಂಥ ಗ್ರಾನೈಟನ್ನು ಒಣಗಿದ್ದ ಹಾಗೆಯೇ ಮೆಷಿನ್ನಿನಲ್ಲಿ ಕುಯ್ದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಮೂಗಿಗೆ ಸುತ್ತಿದ ಟವಲ್ಲು ಆ ನುಣುಪು ಧೂಳನ್ನು ತಡೆಯದು. ವರ್ಷಗಟ್ಟಲೆ ಕುಡಿದ ಎದೆಗೆ ಸಿಲಿಕೋಸಿಸ್ ಬಂದರೆ ವಾಸಿ ಮಾಡುವ ಮದ್ದಿಲ್ಲ. ಕುಯ್ಯುವಾಗ ನೀರು ಬಿಟ್ಟರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಹೊಸ ಮನೆಯೆಲ್ಲ ರಾಡಿಯಾಗುತ್ತದೆ ಎಂದು ಮನೆಯವರೇ ಬೇಡವೆನ್ನುವುದುಂಟು. ರಾಡಿ ಸಂಜೆಗೆ ತೊಳೆದುಹೋಗುತ್ತದೆ. ವಾಟ ಸರಿಯಿದ್ದರೆ ಪೊರಕೆಯೂ ಬೇಡ.