ಮಾದರಿ ಬರಹದ ಹುಡುಗ

ಕೆಲಸಕ್ಕೆ ಅರ್ಜಿ ಹಾಕುವವರಲ್ಲಿ ಒಂದು ತಳಿಯಿದೆ. ಕೆಲಸದ ಚಿಂತೆ ಇವರಿಗೆ ಅಷ್ಟಿಲ್ಲ. ಅರ್ಜಿಯ ಜೊತೆ ಯಾವ ‘ಮಾದರಿ ಬರಹ’ ಇಡಬೇಕೆಂಬುದೇ ಚಿಂತೆ. ಕಂಕುಳಲ್ಲಿ ಫೈಲು, ಜೆರಾಕ್ಸ್ ಅಂಗಡಿಯಲ್ಲಿ ಸಾಲ. ತುಮಕೂರಿಗೆ ವಿಶ್ವವಿದ್ಯಾಲಯ ಬಂದ 2004ರ ಮೇಲೆ ಇವರ ಸಂತತಿ ಹೆಚ್ಚಿದೆಯೆಂದು ನನ್ನ ಗುಮಾನಿ.

ನನ್ನ ಪಾಲಿಗೆ ಬಂದವನು ಗುಬ್ಬಿಯವನು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಕೂತರೂ ಪತ್ತೆ ಹಚ್ಚಿ, “ಸಾರ್, ಒಂದ್ಸಲ ಕಣ್ಣಾಡ್ಸಿ” ಎಂದು ಹಾಳೆ ಚಾಚುತ್ತಾನೆ. ನಾನು ಹಾಳೆ ಓದುವಾಗ ಅವನು ನನ್ನ ಮುಖ ಓದುತ್ತಾನೆ. ಹುಬ್ಬು ಅಲುಗಿದರೆ ಸಾಕು, “ಅಲ್ಲಿ ಸರಿಯಿಲ್ವಾ ಸಾರ್?”

ಪತ್ರಿಕೆಯೊಂದು ಉಪಸಂಪಾದಕ ಹುದ್ದೆಗೆ ಎರಡು ಪುಟ ಮೀರದ ಬರಹ ಕೇಳಿತ್ತು. ಇವನು ಗುಬ್ಬಿ ವೀರಣ್ಣನವರ ಮೇಲೆ ಬರೆದ. ಊರಭಿಮಾನ, ತಪ್ಪೇನಿಲ್ಲ. ಆದರೆ ಅವರು ಮುಂದೆ ನಡೆಸಿದ ನಾಟಕ ಕಂಪನಿ ಶುರುವಾದ 1884ರಿಂದ ಹಿಡಿದು ಪರದೆ, ಹಾರ್ಮೋನಿಯಂ ಎಲ್ಲ ಬಣ್ಣಿಸುವಷ್ಟರಲ್ಲಿ ಎರಡು ಪುಟ ಮುಗಿದವು. ವೀರಣ್ಣನವರು ಇನ್ನೂ ಹುಟ್ಟಿರಲೇ ಇಲ್ಲ. “1891ಕ್ಕೆ ಬರೋಕೆ ಇನ್ನೊಂದು ಪುಟ ಬೇಕು ಸಾರ್” ಎಂದ. ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ ತಂದರಲ್ಲ, ಅಲ್ಲಿಂದಲೇ ಎತ್ಕೊಳ್ಳಪ್ಪ ಎಂದೆ. ಮರುದಿನ ಆನೆಯೇನೋ ಬಂತು. ಹಿಂದಿನದೂ ಒಂದಕ್ಷರ ಹೋಗಿರಲಿಲ್ಲ. ಅಕ್ಷರದ ಗಾತ್ರ ಎಂಟಕ್ಕಿಳಿಸಿ ಎರಡೇ ಪುಟಕ್ಕೆ ತುರುಕಿದ್ದ. ನಾನೇನು ಕಡಿಮೆಯೇ? “ಚೆನ್ನಾಗಿದೆ, ಸ್ವಲ್ಪ ಬಿಗಿಯಾಗ್ಬೇಕು” ಎಂಬ ಖಾಯಂ ಮಾತಾಡಿ ಕಾಫಿ ಕುಡಿದೆ. ದುಡ್ಡು ಅವನೇ ಕೊಟ್ಟ.

ಫೈಲಿನಲ್ಲಿ ಇನ್ನೂ ಇವೆ: ಪ್ರಾಸ ತಪ್ಪದ ಕವನಗಳು, ಕಾಲೇಜಿನ ಸೆಮಿನಾರ್ ಪ್ರಬಂಧ, ಅಮಾನಿಕೆರೆಯ ಸೂರ್ಯಾಸ್ತ.

ಒಮ್ಮೆ ಅದರೊಳಗಿಂದ ಒಂದು ಹಾಳೆ ಜಾರಿತು. ಕುಣಿಗಲ್ಲಿನ ಸೋದರತ್ತೆಯ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಾಗ ಅವನೇ ಬರೆದುಕೊಟ್ಟ ಅರ್ಜಿಯ ನಕಲು. ಅರ್ಧ ಪುಟ. ಯಾರು, ಯಾವ ತಿಂಗಳಿಂದ ಹಣ ಬಂದಿಲ್ಲ, ಬ್ಯಾಂಕಿನಲ್ಲಿ ಏನೆಂದರು, ಈಗ ಏನಾಗಬೇಕು. ಅಲ್ಲಿಂದ ಒಂದು ಪದ ಕೀಳಲು ನನ್ನಿಂದಾಗಲಿಲ್ಲ. “ಇದನ್ನೇ ಕಳ್ಸೋ ಮಾರಾಯ” ಎಂದೆ.

“ಇದೂ ಒಂದ್ ಬರಹನಾ ಸಾರ್? ಅತ್ತೆಗೆ ಬರ್ಕೊಟ್ಟಿದ್ದು” ಎಂದು ನಕ್ಕು ಒಳಗೆ ಸೇರಿಸಿದ. ಅತ್ತೆಗೆ ಪಿಂಚಣಿ ಬರುತ್ತಿದೆ. ಇವನು ಇನ್ನೂ ವೀರಣ್ಣನವರನ್ನು ತಿದ್ದುತ್ತಿದ್ದಾನೆ.

ಸಂಪಾದಕರಲ್ಲಿ ಒಂದು ವಿನಂತಿ. ಮುಂದಿನ ಸಲ ಜಾಹೀರಾತು ಕೊಡುವಾಗ, ಮಾದರಿಯಾಗಿ ಪಿಂಚಣಿ ಅರ್ಜಿಯೂ ನಡೆಯುತ್ತದೆ ಎಂದು ಒಂದು ಸಾಲು ಸೇರಿಸಿ. ನಾನು ಹೇಳಿದರೆ ಅವನು ನಂಬುವುದಿಲ್ಲ.