ಮುರ್ಕೊಂಡು ಕೊಡಪಾ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಗುಮಾಸ್ತ ತಾತ ಫೋನಿನಲ್ಲಿ ಮಾತಾಡಿದರೆ ಅದು ಇಡೀ ಓಣಿಯ ಕಾರ್ಯಕ್ರಮ. ಕಟ್ಟೆ ಮೇಲೆ ಕೂತು ಸ್ಪೀಕರ್ ಹಾಕುತ್ತಾರೆ. ಎದುರುಮನೆಯಲ್ಲಿ ಜೀನ್ಸ್ ಹೊಲಿಯುವ ಹುಡುಗರು ಮಿಷನ್ ನಿಲ್ಲಿಸಿ ಕಿವಿಗೊಡುತ್ತಾರೆ. ಇಂಥ ತಾತ ಊರಿಗೊಬ್ಬರಾದರೂ ಇರುತ್ತಾರೆ: ದಲಾಲಿ ಅಂಗಡಿಯಲ್ಲಿ ಜೀವಮಾನವೆಲ್ಲ ಕಿರ್ದಿ ಬರೆದವರು, ಮಕ್ಕಳು ಮನೆಯಲ್ಲಿ ಕೂರಿಸಿದ ಮೇಲೆ ಬರೆಯಲು ಲೆಕ್ಕವಿಲ್ಲದೆ ಚಡಪಡಿಸುವವರು. ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಪುಸ್ತಕ ಈಗಲೂ ಪಕ್ಕದಲ್ಲೇ ಇರುತ್ತದೆ. ಅದರಲ್ಲಿ ಹಾಲಿನವನ ಬಾಕಿ, ಸೊಸೆಯ ತವರಿನಿಂದ ಬರಬೇಕಾದ ಹಪ್ಪಳ, ಎಲ್ಲಕ್ಕೂ ಒಂದೊಂದು ಪುಟ.

ಇಂಥವರಿಗೆ ಲಾಟರಿ ಮಾರುವವನು ಫೋನ್ ಮಾಡಿದರೆ, ನನಗೆ ಅಯ್ಯೋ ಅನ್ನಿಸುವುದು ಮಾಡಿದವನ ಬಗ್ಗೆ.

“ಸಾರ್, ಕೇರಳ ಸರ್ಕಾರದ ಓಣಂ ಬಂಪರ್. ಐನೂರು ರೂಪಾಯಿ ಟಿಕೆಟ್ಟು, ನಿಮಗೆ ಮಾತ್ರ ನೂರಾ ಐವತ್ತಕ್ಕೆ.”

“ಮುನ್ನೂರೈವತ್ತು ಬಿಟ್ಟುಕೊಡ್ತೀ ಅಂದ್ರೆ ಮಾಲಿನಾಗ ಏನೋ ಹುಳುಕೈತೆ. ಸ್ಯಾಂಪಲ್ ತೋರ್ಸು.”

ಆ ಹುಡುಗ ಹಿಂದಿಗೆ ಜಿಗಿದ. ತಾತ ಕೌಲ್‌ಬಜಾರಿನಲ್ಲಿ ಕಲಿತ ಹಿಂದಿ ತೆಗೆದರು. ಅವನು ತೆಲುಗಿಗೆ ಬಂದ. ಬಳ್ಳಾರಿಯವರ ಹತ್ತಿರ ತೆಲುಗಿಗೆ ಓಡಿದರೆ ತಪ್ಪಿಸಿಕೊಂಡಂತಾಗುತ್ತದೆಯೇ? ಅರ್ಧ ತಾಸಿನ ಮೇಲೆ ದರ ಐವತ್ತಕ್ಕೆ ಇಳಿದಿತ್ತು. ತಾತ “ನೋಡಿ ಹೇಳ್ತೀನಿ” ಅಂದು ಇಟ್ಟರು.

ಹುಳುಕು ಇದ್ದದ್ದಂತೂ ನಿಜ. ಕೇರಳ ಸರ್ಕಾರ 1967ರಿಂದ ಲಾಟರಿ ನಡೆಸುತ್ತಿದೆ, ಆದರೆ ಮಾರುವುದು ಕಾಗದದ ಟಿಕೆಟ್ಟನ್ನು, ಅಂಗಡಿಯಲ್ಲಿ, ಕೈಗೆ ಕೈ. ಆನ್‌ಲೈನ್ ಮಾರಾಟ ಇಲ್ಲ. ವಾಟ್ಸಾಪಿನಲ್ಲಿ ಬರುವ ಟಿಕೆಟ್ಟಿನ ಫೋಟೊವನ್ನು ಅದೇ ನಂಬರಿನೊಂದಿಗೆ ಇನ್ನೆಷ್ಟು ಜನಕ್ಕೆ ಕಳಿಸಿರುತ್ತಾರೋ ದೇವರಿಗೇ ಗೊತ್ತು. ನಮ್ಮ ರಾಜ್ಯದಲ್ಲಂತೂ 2007ರಲ್ಲೇ ಲಾಟರಿಗೆ ನಿಷೇಧ ಬಿತ್ತು. ಆದರೂ 2024ರಲ್ಲಿ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಇದೇ ಓಣಂ ಬಂಪರಿನ 25 ಕೋಟಿ ಹೊಡೆಯಿತಲ್ಲ, ಅವತ್ತಿನಿಂದ “ನಮಗ್ಯಾಕೆ ಹೊಡೀಬಾರದು” ಅನ್ನುವ ಮಾತು ಎಲ್ಲ ಕಟ್ಟೆಯ ಮೇಲೂ ಕೂತಿದೆ. ಮಾರುವವನಿಗೆ ಅಷ್ಟು ಸಾಕು.

ತಾತನಿಗೆ ಆಸೆ ಇಲ್ಲ ಅಂತ ತಿಳಿಯಬೇಡಿ. ಆಸೆ ಮೂಟೆಗಟ್ಟಲೆ ಇದೆ. ಮುಂಗಡ ಬಿಚ್ಚುವ ಕೈ ಇಲ್ಲ, ಅಷ್ಟೇ. ಇದನ್ನು ಮನೆಯವರು ಜಾಣತನ ಅನ್ನುತ್ತಾರೆ. ನಾನು ಜಿಪುಣತನ ಅನ್ನುತ್ತೇನೆ, ಮತ್ತು ಇಂಥ ಹೊತ್ತಿನಲ್ಲಿ ಜಾಣತನಕ್ಕಿಂತ ಅದರ ಮೇಲೆಯೇ ನನಗೆ ಭರವಸೆ.

ಆಮೇಲೆ ಬಂತು ದೊಡ್ಡ ಕರೆ. ‘ಕೌನ್ ಬನೇಗಾ ಕರೋಡ್‌ಪತಿ’ ಹೆಸರಿನಲ್ಲಿ 25 ಲಕ್ಷ, ಅಮಿತಾಭ್ ಬಚ್ಚನ್ ಫೋಟೊ ಇರುವ ಸರ್ಟಿಫಿಕೇಟು, ನಂಬರಿನ ಮುಂದೆ +92. ಅದು ಪಾಕಿಸ್ತಾನದ ಕೋಡ್ ಎಂದು ಮೊಮ್ಮಗ ಬಡಕೊಂಡ. “ಯಾವ ದೇಶದ ಮಾಲಾದರೇನು, ಲೆಕ್ಕ ಲೆಕ್ಕವೇ” ಎಂದರು ತಾತ.

“ಪ್ರೊಸೆಸಿಂಗ್ ಫೀ ಎಂಟು ಸಾವಿರದ ಇನ್ನೂರು ಕಟ್ಟಿದರೆ ಸಾಯಂಕಾಲವೇ ದುಡ್ಡು, ಸಾರ್.”

“ನೋಡಪಾ, ರೈತ ಭತ್ತ ಹಾಕ್ತಾನೆ. ಹಮಾಲಿ, ತೂಕ, ಅವನಿಗೆ ಕೊಟ್ಟ ಮುಂಗಡ, ಎಲ್ಲ ಮುರ್ಕೊಂಡು ಉಳಿದಿದ್ದು ಕೊಡ್ತೀವಿ. ಮೊದಲು ನೀನು ಹಮಾಲಿ ಕಟ್ಟಿ ಬಾ ಅಂತ ಯಾವ ಅಂಗಡ್ಯಾಗೂ ಅನ್ನಲ್ಲ. ನೀನೂ ಮುರ್ಕೊಂಡು ಕೊಡು.”

“ಹಾಗೆ ರೂಲ್ಸ್ ಇಲ್ಲ ಸಾರ್.”

ರೂಲ್ಸ್ ಇರುವುದೇ ಹಾಗೆ. ನಿಜವಾದ ಲಾಟರಿ ದುಡ್ಡಿಗೆ ಶೇಕಡಾ 30ರಷ್ಟು ತೆರಿಗೆಯನ್ನು ಕೊಡುವವರೇ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಆದಾಯ ತೆರಿಗೆ ಕಾನೂನೂ ದಲಾಲಿ ಅಂಗಡಿಯ ದಾರಿಯಲ್ಲೇ ನಡೆದಿದೆ ಎಂದು ನಾನು ಹೇಳಿದಾಗ ತಾತನ ಮುಖ ನೋಡಬೇಕಿತ್ತು.

ನಾಲ್ಕೈದು ಸಲ ಫೋನ್ ಮಾಡಿ, ಕೊನೆಗೆ ಅವನೇ ತಾತನ ನಂಬರನ್ನು ಬ್ಲಾಕ್ ಮಾಡಿದ.

ತಾತನ ಬೀಗರು ಸಿರುಗುಪ್ಪದ ಅಕ್ಕಿ ಮಿಲ್ಲಿನವರು, ಇದಕ್ಕೆ ತಿರುವುಮುರುವು. ಗೊತ್ತಿಲ್ಲದ ನಂಬರನ್ನು ಎತ್ತುವುದೇ ಇಲ್ಲ. ಅವರದೇ ಲಾರಿ ತೆಕ್ಕಲಕೋಟೆಯ ಹತ್ತಿರ ಪಂಕ್ಚರ್ ಆಗಿ ಡ್ರೈವರ್ ಯಾರದೋ ಫೋನಿನಿಂದ ಗಂಟೆಗಟ್ಟಲೆ ಬಾರಿಸಿದರೂ ಎತ್ತಲಿಲ್ಲ. ಸೋನಾ ಮಸೂರಿ ರಾತ್ರಿಯಿಡೀ ರಸ್ತೆಯಲ್ಲೇ ಮಲಗಿತು.

ಸಿಕ್ಕಿಬಿದ್ದವನು ಕುರುಗೋಡಿನ ಅಳಿಯ, ತಂಗಿಯ ಮಗ, ಮೆಣಸಿನಕಾಯಿ ಬೆಳೆಯುವವನು. ದೊಡ್ಡಬಸವೇಶ್ವರನಿಗೆ ಕಾಯಿ ಒಡೆಸಿ ಟಿಕೆಟ್ಟಿಗೆ ನೂರೈವತ್ತು ಕಳಿಸಿದ. ಎರಡೇ ದಿನಕ್ಕೆ ಐದು ಲಕ್ಷ ಹೊಡೆಯಿತು ಅಂದರು. ಜಿಎಸ್‌ಟಿ ಅಂತ ಮೂರು ಸಾವಿರ, ಬ್ಯಾಂಕ್ ಚಾರ್ಜ್ ಅಂತ ಐದು ಸಾವಿರ ಹೋಯಿತು. “ದುಡ್ಡು ಬರಾಕ ಪಿನ್ ಒತ್ತು” ಅಂದಾಗ ಅದನ್ನೂ ಒತ್ತಿದ. ಯುಪಿಐನಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಕೇ ಇಲ್ಲ ಎಂದು ಅವನಿಗೆ ಹೇಳಿದವರಿಲ್ಲ. ಖಾತೆ ಗುಡಿಸಿದಂತಾಯಿತು. ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಬಂದು ಮಾವನ ಮುಂದೆ ಕೂತು ಅತ್ತ.

ತಾತ ಪೂರಾ ಕೇಳಿದರು. “ಟಿಕೆಟ್ಟು ಎಷ್ಟಕ್ಕೆ ತಗಂಡಿ?”

“ನೂರಾ ಐವತ್ತು, ಮಾವ.”

“ಲೇ, ನನಗೆ ಐವತ್ತಕ್ಕೆ ಇಳಿಸಿದ್ದ!”

ಅತ್ತೆ ಒಳಗಿನಿಂದ ಬಂದು ಇಬ್ಬರನ್ನೂ ಬೈದು 1930ಕ್ಕೆ ಫೋನ್ ಹಚ್ಚಿಸಿದರು. ಸೈಬರ್ ವಂಚನೆಗೆಂದೇ ಇರುವ ನಂಬರು. ಬೇಗ ತಿಳಿಸಿದಷ್ಟೂ ದುಡ್ಡನ್ನು ದಾರಿಯಲ್ಲೇ ಬ್ಯಾಂಕಿನಿಂದ ತಡೆಸುವ ಆಸೆ ಇರುತ್ತದೆ. ಆ ಕಡೆ ಹೆಣ್ಣುಮಗಳೊಬ್ಬಳು ತಾಳ್ಮೆಯಿಂದ ಒಂದೊಂದೇ ಕೇಳಿ ಬರೆದುಕೊಂಡಳು. ಅಳಿಯ ತೊದಲುತ್ತಾ ತನ್ನ ಮೊತ್ತ ಹೇಳಿ ಮುಗಿಸಿದ್ದೇ ತಡ, ತಾತ ಫೋನ್ ಕಸಿದುಕೊಂಡರು. ಕೆಂಪು ಪುಸ್ತಕ ಆಗಲೇ ತೊಡೆಯ ಮೇಲೆ ತೆರೆದಿತ್ತು.

“ಅದು ಅವನ ಖಾತೆ ಆತವ್ವ. ನಂದು ಬ್ಯಾರೆ ಬರ್ಕೋ. ಅವರ ಫೀ ಮುರ್ದು ನನಗೆ ಬರಬೇಕಾದ ಬಾಕಿ ಇಪ್ಪತ್ನಾಲ್ಕು ಲಕ್ಷದ ತೊಂಬತ್ತೊಂದು ಸಾವಿರದ ಎಂಟುನೂರು. ಬಡ್ಡಿ ಬಿಟ್ಟೀನಿ.”